ಮೇಲಂಚಿನ ಬಿಳಿ ಕುಡುಗೋಲು

“ಪರದೆ ಎಳೀರಿ. ಪೂರ್ತಿ,” ಎಂದಳು ಲೆನ್ಸಕ್ಕ.

ಟೈಲರಮ್ಮ ಎದ್ದು ಕಿಟಕಿಯ ದಪ್ಪ ಪರದೆಯನ್ನು ಎಳೆದಳು. ಮಧ್ಯಾಹ್ನದ ಬಿಸಿಲು ಹೊರಗೇ ಉಳಿಯಿತು. ಮೇಜಿನ ಮೇಲೆ, ಸ್ಕ್ರೂಡ್ರೈವರುಗಳ ಸಾಲಿನ ನಡುವೆ, ಹಿಂಬದಿ ಬಿಚ್ಚಿಸಿಕೊಂಡ ಹಳೆಯ ಪೆಟ್ಟಿಗೆ ಕ್ಯಾಮೆರಾ ಕೂತಿತ್ತು.

ಸತ್ತವನ ಕ್ಯಾಮೆರಾ. ಕೆಲವು ತಿಂಗಳ ಹಿಂದೆ, ಮುಚ್ಚಿಹೋದ ಮಿಲ್ಲಿನ ಮೆಟ್ಟಿಲ ಬುಡದಲ್ಲಿ ಅವನ ಹೆಣದ ಪಕ್ಕ ಕಾವಲುಗಾರನಿಗೆ ಸಿಕ್ಕಿದ್ದು. ಒಳಗೆ ಫಿಲ್ಮ್ ಇರಲಿಲ್ಲ. ಕಾಲು ಜಾರಿ ಬಿದ್ದ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ಅವನ ತಂಗಿ ಟೈಲರಮ್ಮನಿಗೆ ಮಾತ್ರ ಅದು ಗಂಟಲಲ್ಲಿ ಇಳಿದಿರಲಿಲ್ಲ. ಫಿಲ್ಮ್ ಹಾಕದೆ ಯಾರಾದರೂ ಚಿತ್ರ ತೆಗೆಯಲು ಹೋಗುತ್ತಾರೆಯೇ? ಅದನ್ನೇ ಕೇಳುತ್ತ ಅವಳು ಬೇರೆ ಊರಿನಿಂದ ಬಸ್ಸು ಹತ್ತಿ ಈ ಅಂಗಡಿಗೆ ಬಂದಿದ್ದಳು.

ಲೆನ್ಸಕ್ಕ ಬಹಳ ವರ್ಷ ಪೊಲೀಸರಿಗಾಗಿ ಚಿತ್ರ ತೆಗೆದವಳು. ಬಿದ್ದವರು, ತೇಲಿದವರು, ನೇತಾಡಿದವರು. ಒಂದು ದಿನ ಸಾಕೆನ್ನಿಸಿ ರಾಜೀನಾಮೆ ಕೊಟ್ಟು ಕ್ಯಾಮೆರಾ ರಿಪೇರಿಗೆ ಕೂತಳು. ಅಂಗಡಿಯ ಹಿಂದಿನ ಕೋಣೆಯಲ್ಲೇ ಮನೆ. ನಿಂತುಕೊಂಡೇ ಊಟ, ಗೋಡೆಗೆ ತಾಗಿಸಿದ ಮಂಚ, ಮಾತಿಗೆ ರೇಡಿಯೋ.

“ಈಗ ಟಾರ್ಚ್ ತಗೊಂಡು ಲೆನ್ಸಿನ ಮುಂದೆ ನಿಂತ್ಕೊಳ್ಳಿ. ನಾನು ಹೇಳಿದ ಹಾಗೆ ಆಡಿಸಿ.”

ಶಟರನ್ನು ತೆರೆದ ಸ್ಥಿತಿಯಲ್ಲೇ ನಿಲ್ಲಿಸಿ, ಫಿಲ್ಮ್ ಕೂರುವ ಚೌಕಟ್ಟಿನ ಮೇಲೆ ಲೆನ್ಸಕ್ಕ ಒಂದು ತುಂಡು ಬೆಣ್ಣೆ ಕಾಗದವನ್ನು ಬಿಗಿದು ಅಂಟಿಸಿದ್ದಳು. ಹಿಂದಿನಿಂದ ಬಗ್ಗಿ ಅದನ್ನೇ ದಿಟ್ಟಿಸಿದಳು.

“ಎಡಕ್ಕೆ.”

ಕಾಗದ ಮಂಕಾಗೇ ಇತ್ತು.

“ಬಲಕ್ಕೆ. ಕೆಳಗೆ. ಈಗ ಮೇಲೆ... ಇನ್ನೂ ಮೇಲೆ. ಹಾಂ, ಅಲ್ಲೇ ತಡೀರಿ.”

ಕಾಗದದ ಕೆಳ ಅಂಚಿನಲ್ಲಿ ಒಂದು ಬಿಳಿ ಗೆರೆ ಹೊತ್ತಿಕೊಂಡಿತು. ಬಾಗಿದ್ದು, ತುದಿ ಚೂಪು, ಥೇಟು ಕುಡುಗೋಲು.

“ಬಂತಾ?” ಟೈಲರಮ್ಮ ಕತ್ತು ಚಾಚಿದಳು.

“ಬಂತು. ಇಲ್ಲಿ ಲೋಕ ತಲೆಕೆಳಗು. ಕೆಳ ಅಂಚಿನಲ್ಲಿ ಕಂಡದ್ದು ಪ್ರಿಂಟಿನಲ್ಲಿ ಮೇಲಂಚಿಗೆ ಬರುತ್ತೆ. ನಿಮ್ಮಣ್ಣನ ಚಿತ್ರಗಳಲ್ಲಿ ಇದೆಯಲ್ಲ, ಅದೇ ಗೆರೆ.”

“ಎಲ್ಲಿಂದಾದ್ರೂ ಬೆಳಕು ಸೋರ್ತಿದೆಯಾ?”

“ಇಲ್ಲ. ಸೋರೋದು ಬೇರೆ. ತೂತಿನಿಂದ ಒಳಗೆ ಬಂದ ಬೆಳಕಿಗೆ ಚೌಕಟ್ಟಿನ ಹಂಗಿಲ್ಲ, ಚಿತ್ರದ ಗಡಿ ದಾಟಿ ಫಿಲ್ಮಿನ ಅಂಚಿಗೂ ಹರಿಯುತ್ತೆ. ಇದು ಗಡಿ ಒಳಗೇ ನಿಂತಿದೆ. ಅದೂ ಮೇಲಿಂದ ಜೋರು ಬೆಳಕು ಬಿದ್ದಾಗ ಮಾತ್ರ. ಅಂದ್ರೆ ಲೆನ್ಸಿನಿಂದ ಮರ್ಯಾದೆಯಾಗೇ ಒಳಗೆ ಬಂದ ಬೆಳಕು, ಒಳಗೆಲ್ಲೋ ಹೊಳೆಯೋ ಜಾಗಕ್ಕೆ ಬಡಿದು ಪುಟೀತಿದೆ.”

ಲೆನ್ಸಕ್ಕ ಪೆನ್ಸಿಲ್ ತೆಗೆದುಕೊಂಡು ಆ ಬೆಳಕಿನ ಗೆರೆಯ ಅಂಚನ್ನು ಕಾಗದದ ಮೇಲೇ ತಿದ್ದಿಕೊಂಡಳು. ಎಡ ತುದಿಗೆ ಬಂದಾಗ ಕೈ ನಿಂತಿತು. ಕುಡುಗೋಲಿನ ತುದಿಯಿಂದ ಚೂರು ದೂರದಲ್ಲಿ ಒಂದು ಪುಟ್ಟ ಬೆಳಕಿನ ಚುಕ್ಕೆಯೂ ಇತ್ತು.

ಅವಳು ಕಾಗದ ಕಿತ್ತು, ಚೌಕಟ್ಟಿನ ಮೂಲೆಗೆ ಕಣ್ಣು ತಾಗಿಸಿ, ಫಿಲ್ಮ್ ಕೂರುವ ಜಾಗದಿಂದ ಕ್ಯಾಮೆರಾದ ಒಳಗೂಡನ್ನು ನೋಡಿದಳು. ನಾಲ್ಕು ಗೋಡೆಗೂ ಹೊಳಪಿಲ್ಲದ ಕಪ್ಪು ಬಣ್ಣ. ನೆಲದಲ್ಲಿ ಮಾತ್ರ ಒಂದು ಹಳೆಯ ಗೀರು, ಯಾರದೋ ಸ್ಕ್ರೂಡ್ರೈವರ್ ಎಂದೋ ಜಾರಿದ್ದು. ಅದರಡಿಯ ಲೋಹ ಹಲ್ಲು ಕಿರಿಯುತ್ತಿತ್ತು. ಗೀರಿನ ಪಕ್ಕದಲ್ಲಿ ಬಣ್ಣದ ಒಂದು ಚಕ್ಕೆ ಎದ್ದುಹೋಗಿತ್ತು. ಆ ಚಕ್ಕೆ ಇನ್ನೂ ಒಳಗೂಡಿನ ಮೂಲೆಯಲ್ಲೇ ಬಿದ್ದುಕೊಂಡಿತ್ತು. ಚಿಮಟದಲ್ಲಿ ಹಿಡಿದು ಎತ್ತಿದಳು.

ಕ್ಯಾಮೆರಾವನ್ನು ಮಗುಚಿದಳು. ತಳದಲ್ಲಿ, ಸರಿಯಾಗಿ ಆ ಚಕ್ಕೆ ಎದ್ದ ಜಾಗದ ಕೆಳಗೆ, ಹೆಬ್ಬೆರಳು ಕೂರುವಷ್ಟು ದೊಡ್ಡ ತಗ್ಗು.

“ಆ ಪ್ರಿಂಟುಗಳನ್ನ ಇತ್ತ ಕೊಡಿ.”

ಸತ್ತ ಅಣ್ಣ ಮೌನಿಯ ಸ್ಟುಡಿಯೋದಿಂದ ತಂಗಿ ತಂದಿದ್ದ ಚಿತ್ರಗಳನ್ನು ಲೆನ್ಸಕ್ಕ ಒಂದೊಂದಾಗಿ ಭೂತಗನ್ನಡಿಯಡಿ ಸರಿಸಿದಳು. ಅವನಿಗೆ ಮೌನಿ ಎಂಬ ಹೆಸರು ಅಂಟಿದ್ದು ಸುಮ್ಮನೆ ಅಲ್ಲ. ಜನರನ್ನು ಕೂರಿಸಿ, ‘ನಗಿ’ ಎಂದೂ ಹೇಳದೆ, ಅವರಾಗಿಯೇ ಮುಖ ಸಡಿಲಿಸುವವರೆಗೆ ಕಾಯುತ್ತಿದ್ದನಂತೆ. ತೆರೆದ ಆಕಾಶದಡಿ ನಿಂತ ಮುದುಕ, ಮಹಡಿಯ ಮೇಲಿನ ಇಬ್ಬರು ನರ್ಸುಗಳು, ಖಾಲಿ ಮೈದಾನ. ಎಲ್ಲದರ ಮೇಲಂಚಿನಲ್ಲೂ ಕುಡುಗೋಲು.

ಯಾವುದರಲ್ಲೂ ಚುಕ್ಕೆ ಇಲ್ಲ.

“ಚುಕ್ಕೆ ಹೊಸದು,” ಎಂದಳು ಲೆನ್ಸಕ್ಕ. “ಕ್ಯಾಮೆರಾ ನೆಲಕ್ಕೆ ಬಡಿದಾಗ ಆಗಿರೋದು.”

ಟೈಲರಮ್ಮ ಆ ತಗ್ಗನ್ನು ಬೆರಳಿನಿಂದ ಸವರಿದಳು. “ಅಂದ್ರೆ ಅಣ್ಣ ಬಿದ್ದಾಗ.”

“ಹೂಂ.”

“ಪಾಪ, ನೋವಾಯ್ತೋ ಏನೋ,” ಎಂದಳು ಅವಳು. ಅಣ್ಣನಿಗೋ ಕ್ಯಾಮೆರಾಗೋ ಗೊತ್ತಾಗಲಿಲ್ಲ. “ನಾವಿಬ್ರೂ ಮಾತಾಡಿ ಎಷ್ಟೋ ವರ್ಷ ಆಗಿತ್ತು ಅಕ್ಕಾ. ಜಗಳ ಅಂತ ಅಲ್ಲ. ಅವನು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹಾಗೇ ಆಗೋಯ್ತು.”

ಲೆನ್ಸಕ್ಕ ಪ್ರಿಂಟುಗಳ ಅಂಚು ಸರಿಮಾಡಿ ಜೋಡಿಸಿದಳು. ಅವಳಿಗೂ ಒಬ್ಬ ತಮ್ಮ ಎಲ್ಲೋ ಇದ್ದ. ಅಲ್ಲೂ ಹಾಗೇ ಆಗಿಹೋಗಿತ್ತು.

ಆದರೆ ಅವಳ ತಲೆಯೊಳಗೆ ಆಗಲೇ ಬೇರೊಂದು ಹುಳ ಹೊಕ್ಕಿತ್ತು. ಆ ಕುಡುಗೋಲನ್ನು, ಚುಕ್ಕೆ ಸಮೇತ, ಅವಳು ಎಲ್ಲೋ ನೋಡಿದ್ದಳು. ಎಲ್ಲಿ?

ನೆನಪಾದಾಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ರಭಸಕ್ಕೆ ಸ್ಕ್ರೂಗಳ ಡಬ್ಬಿ ಉರುಳಿತು.

“ಸ್ವಲ್ಪ ಹೊರಗೆ ಹೋಗಿ ಬರ್ತೀನಿ. ನೀವು ಇಲ್ಲೇ ಇರಿ. ಅಡುಗೆಮನೇಲಿ ಊಟ ಇದೆ, ಬಡಿಸ್ಕೊಳ್ಳಿ, ಸಂಕೋಚ ಬೇಡ.”

“ಏನಾಯ್ತು ಅಕ್ಕಾ?”

“ಬಂದು ಹೇಳ್ತೀನಿ.”

* * *

ಪುರಭವನದ ಚಿತ್ರಪ್ರದರ್ಶನಕ್ಕೆ ಲೆನ್ಸಕ್ಕ ಹಿಂದಿನ ವಾರವೇ ಬಂದಿದ್ದಳು. ಒಬ್ಬಳೇ. ಭಾನುವಾರ ಸಂಜೆ ಕಳೆಯಲು ಅವಳಿಗೆ ಗೊತ್ತಿದ್ದದ್ದು ಎರಡೇ ದಾರಿ: ಹೀಗೆ ಎಲ್ಲಾದರೂ ಗೋಡೆ ನೋಡುತ್ತ ನಡೆಯುವುದು, ಇಲ್ಲವೇ ಮಲಗುವುದು.

ಈಗ ಸಭಾಂಗಣ ಖಾಲಿ. ಕಾವಲಿನ ಹೆಂಗಸು ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು.

ಮೊದಲ ಬಹುಮಾನದ ಚಿತ್ರ ಎದುರು ಗೋಡೆಯಲ್ಲೇ ಇತ್ತು. ಒಡೆದ ಗಾಜಿನ ಸೂರಿನಿಂದ ಬೆಳಕು ಧುಮುಕುತ್ತಿದೆ. ಅದರ ಸುತ್ತ ಮಿಲ್ಲಿನ ಕಬ್ಬಿಣದ ಮೆಟ್ಟಿಲುಗಳು ಸುತ್ತಿ ಸುತ್ತಿ ಮೇಲೇರಿವೆ. ಚಿತ್ರ ಕೊಂಚ ವಾಲಿದೆ. ಕೆಳಗೆ ಛಾಯಾಗ್ರಾಹಕರ ಹೆಸರು: ಊರಿನ ಕಲಾಶಾಲೆಯಲ್ಲಿ ಫೋಟೋಗ್ರಫಿ ಕಲಿಸುವ ಮೇಷ್ಟ್ರದು. ತೀರ್ಪುಗಾರರು ಮೇಲಂಚಿನ ಬಿಳಿ ಬಾಗನ್ನು ‘ಆಕಾಶದ ಕರೆ’ ಎಂದು ಹಾಡಿಹೊಗಳಿದ್ದರು. ಹಿಂದಿನ ವಾರ ಅದನ್ನು ಓದಿ ಲೆನ್ಸಕ್ಕ ಮನಸ್ಸಿನಲ್ಲೇ ನಕ್ಕಿದ್ದಳು. ಕ್ಯಾಮೆರಾ ಒಳಗಿನ ಹೊಳಪು, ಆಕಾಶ ಯಾಕೆ ಕರೆಯುತ್ತೆ ಇವರನ್ನ, ಎಂದುಕೊಂಡಿದ್ದಳು.

ಈಗ ನಗು ಬರಲಿಲ್ಲ.

ಚೀಲದಿಂದ ಬೆಣ್ಣೆ ಕಾಗದ ತೆಗೆದಳು. ತಲೆಕೆಳಗು ಮಾಡಿ ಕಣ್ಣಿನ ಮುಂದೆ ಹಿಡಿದು, ಪೆನ್ಸಿಲ್ ಗೆರೆ ಚಿತ್ರದ ಗೆರೆಯ ಮೇಲೆ ಕೂರುವವರೆಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಕುಡುಗೋಲು ಕುಡುಗೋಲಿನ ಮೇಲೆ ಕೂತಿತು. ಚುಕ್ಕೆ ಚುಕ್ಕೆಯ ಮೇಲೆ.

ಕಾಗದವನ್ನು ಚೀಲಕ್ಕೆ ಸೇರಿಸಿದಳು.

ಈ ಚಿತ್ರ ಮೌನಿಯ ಕ್ಯಾಮೆರಾದಲ್ಲಿ ತೆಗೆದದ್ದು. ಅದೂ ಕ್ಯಾಮೆರಾ ನೆಲಕ್ಕೆ ಬಡಿದು ತಳ ತಗ್ಗಾದ ಮೇಲೆ. ಅಂದರೆ, ಅವನು ಬಿದ್ದ ಮೇಲೆ.

ಅವಳು ಮತ್ತೆ ಹತ್ತಿರ ಹೋಗಿ ನೋಡಿದಳು. ಮೆಟ್ಟಿಲ ಕಂಬಿಸಾಲಿನ ಮೊದಲ ಕಂಬಿ ಮರದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕ್ಯಾಮೆರಾ ಯಾರ ಎದೆಯ ಹತ್ತಿರವೂ ಇರಲಿಲ್ಲ, ಸ್ಟ್ಯಾಂಡಿನ ಮೇಲೂ ಇರಲಿಲ್ಲ. ನೆಲದ ಮೇಲಿತ್ತು. ಮಲಗಿದವನ ಕಣ್ಣಿನ ಎತ್ತರದಲ್ಲಿ.

“ಚೆನ್ನಾಗಿದೆ ಅಲ್ವಾ?” ಕಾವಲಿನವಳು ಎಚ್ಚರಾಗಿ ಕೇಳಿದಳು. “ಎಲ್ರೂ ಇದರ ಮುಂದೇನೇ ನಿಲ್ತಾರೆ.”

“ಹೌದು,” ಎಂದಳು ಲೆನ್ಸಕ್ಕ. “ತುಂಬ ಚೆನ್ನಾಗಿದೆ.”

* * *

ಮೇಷ್ಟ್ರ ಮನೆ ಕಲಾಶಾಲೆಯ ಹಿಂದಿನ ಓಣಿಯಲ್ಲಿ. ಕರೆಗಂಟೆ ಒತ್ತಿದಾಗ ಕಿಟಕಿಯ ಪರದೆ ಅಲುಗಿತು. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಬಾಗಿಲು ಸರಪಳಿಯಷ್ಟೇ ಅಗಲಕ್ಕೆ ತೆರೆಯಿತು.

“ಏನು ಬೇಕು?”

“ಪುರಭವನದ ಚಿತ್ರದ ಬಗ್ಗೆ ಮಾತಾಡಬೇಕಿತ್ತು. ನಾನು...”

“ನೀವು ಯಾರು ಅಂತ ಗೊತ್ತು.”

ಅವರ ದನಿ ನಡುಗುತ್ತಿತ್ತು. ಲೆನ್ಸಕ್ಕನಿಗೆ ಆಶ್ಚರ್ಯವಾಯಿತು. ಅವಳನ್ನು ಕಂಡು ಜನ ಬೇಸರಪಟ್ಟದ್ದುಂಟು, ಕನಿಕರಪಟ್ಟದ್ದುಂಟು. ಹೆದರಿದ್ದು ಇದೇ ಮೊದಲು.

ಸರಪಳಿ ಬಿಚ್ಚಿದ ಸದ್ದಾಯಿತು. ಬಾಗಿಲು ತೆರೆದಾಗ ಮೇಷ್ಟ್ರು ಒಂದು ಕ್ಯಾಮೆರಾ ಸ್ಟ್ಯಾಂಡನ್ನು ದೊಣ್ಣೆಯ ಹಾಗೆ ಎತ್ತಿ ಹಿಡಿದು ನಿಂತಿದ್ದರು. ಬಿಳಿಗಡ್ಡ, ಗುಂಡಿ ತಪ್ಪಿ ಹಾಕಿದ ಅಂಗಿ, ನಿದ್ದೆ ಕಾಣದ ಕಣ್ಣು.

“ಅದನ್ನ ಕೆಳಗಿಡಿ ಸಾರ್. ಕಾಲಿನ ತಿರುಪು ಸಡಿಲ ಇದೆ, ನಿಮ್ಮ ಪಾದದ ಮೇಲೇ ಬೀಳುತ್ತೆ.”

ಮೇಷ್ಟ್ರು ಸ್ಟ್ಯಾಂಡಿನ ಕಾಲನ್ನು ನೋಡಿದರು. ನಿಜಕ್ಕೂ ಸಡಿಲವಿತ್ತು. ಗೋಡೆಗೆ ಒರಗಿಸಿದರು. ಆದರೂ ಕೋಣೆಯೊಳಗೆ ಹೋದ ಮೇಲೆ ನಡುವೆ ಮೇಜು ಬಿಟ್ಟುಕೊಂಡೇ ಕೂತರು.

ಲೆನ್ಸಕ್ಕ ಬೆಣ್ಣೆ ಕಾಗದವನ್ನು ಮೇಜಿನ ಮೇಲಿಟ್ಟಳು.

“ಇದು...”

“ಗೊತ್ತು,” ಎಂದರು ಮೇಷ್ಟ್ರು. ಕಾಗದವನ್ನು ತಾವೇ ತಲೆಕೆಳಗು ಮಾಡಿದರು. “ಗೀರು ಹಳೇದು. ಸರಿ ಮಾಡಿಸ್ಕೋ ಮಾರಾಯ ಅಂತ ಅವನಿಗೆ ಎಷ್ಟು ಸಲ ಹೇಳಿದ್ದೆ. ಚುಕ್ಕೆ ಹೊಸದು. ನೆಗೆಟಿವ್ ತೊಳೆದ ದಿನವೇ ಅದು ನನ್ನ ಕಣ್ಣಿಗೆ ಬಿತ್ತು. ತಗ್ಗಿಗೂ ಚುಕ್ಕೆಗೂ ಸಂಬಂಧ ಇದೆ ಅಂತ ಗೊತ್ತಾಗೋಕೆ ಇನ್ನೊಂದು ದಿನ ಹಿಡೀತು.”

“ಅಂದ್ರೆ ಒಪ್ಕೊಂಡ್ರಿ. ಚಿತ್ರ ನಿಮ್ಮದಲ್ಲ.”

“ನನ್ನದಲ್ಲ.”

“ಫಿಲ್ಮ್ ನಿಮ್ಮ ಕೈಗೆ ಹೇಗೆ ಬಂತು?”

ಮೇಷ್ಟ್ರು ಅಂಗೈಗಳಿಂದ ಮುಖ ಉಜ್ಜಿಕೊಂಡರು. “ಅವತ್ತು ಮಧ್ಯಾಹ್ನದಿಂದ ಫೋನ್ ಎತ್ತಲಿಲ್ಲ ಅವನು. ಸಂಜೆ ಮಿಲ್ಲಿಗೆ ಹೋದೆ. ಹಿಂದಿನ ಗೋಡೆ ಬಿದ್ದಿರೋ ಕಡೆಯಿಂದ ಒಳಗೆ ಹೋಗಬಹುದು. ಮೆಟ್ಟಿಲ ಕೆಳಗೆ ಬಿದ್ದಿದ್ದ. ಮೈ ತಣ್ಣಗಾಗಿತ್ತು. ಕ್ಯಾಮೆರಾ ಪಕ್ಕದಲ್ಲಿತ್ತು.”

“ಆಮೇಲೆ?”

“ಉಳಿದ ಫಿಲ್ಮ್ ಸುತ್ತಿ ರೋಲ್ ತೆಗೆದೆ. ಪೊಲೀಸ್ರು ಬಿಸಿಲಲ್ಲಿ ಬಿಚ್ಚಿ ನೋಡ್ತಾರೆ, ಅವನ ಕೊನೇ ಕೆಲಸ ಹಾಳಾಗುತ್ತೆ ಅಂತ. ಸತ್ಯವಾಗಿ ಅಷ್ಟೇ ಇತ್ತು ಮನಸ್ಸಲ್ಲಿ.”

“ಪೊಲೀಸ್ರಿಗೆ ಹೇಳಿದ್ದು ಮಾರನೇ ದಿನ ಬಂದ ಕಾವಲುಗಾರ. ನೀವಲ್ಲ.”

ಮೇಷ್ಟ್ರು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು.

“ರಾತ್ರಿಯೆಲ್ಲ ಅವರನ್ನ ಅಲ್ಲೇ ಬಿಟ್ಟು ಬಂದ್ರಾ? ಒಬ್ಬರನ್ನೇ?”

“ಬಿಟ್ಟು ಬಂದೆ.” ಅಂಗಿಯ ತಪ್ಪಿದ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದರು. “ಬೈರಿ. ಯಾರಾದ್ರೂ ಬೈಲಿ ಅಂತ ಕಾಯ್ತಾ ಇದೀನಿ. ಚಿತ್ರ ನೋಡಿದ ಮೇಲೆ ನನ್ನ ಬುದ್ಧಿ ನನ್ನ ಕೈಲಿರಲಿಲ್ಲ. ಮೊದಲು ಅವನ ಹೆಸರಲ್ಲೇ ಸ್ಪರ್ಧೆಗೆ ಕಳಿಸೋಣ ಅಂದ್ಕೊಂಡೆ. ಎಲ್ಲಿ ಸಿಕ್ತು ಅಂತ ಕೇಳಿದ್ರೆ? ಬೆಂಕಿಗೆ ಹಾಕೋಣ ಅಂದ್ಕೊಂಡೆ. ಕೈ ಬರಲಿಲ್ಲ. ನನ್ನ ಕೈಯಿಂದ ಅಂಥದ್ದು ಒಂದು ಬಂದು ಎಷ್ಟು ಕಾಲ ಆಯ್ತು ಅಂತ ನನಗೇ ನೆನಪಿಲ್ಲ. ಹೆಸರು ಬರೆಯೋ ಜಾಗದಲ್ಲಿ ನನ್ನ ಹೆಸರೇ ಬಂದುಬಿಡ್ತು.”

ಹೊರಗೆ ಓಣಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಲೆನ್ಸಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರಿಯ ಆಯಾಸ. ಪೊಲೀಸ್ ಕೆಲಸದಲ್ಲಿ ಅವಳು ಇಂಥ ಮುಖಗಳನ್ನು ಕಂಡಿದ್ದಳು: ಕೊಂದವರದ್ದಲ್ಲ, ಕದ್ದವರದ್ದು.

“ನಿಮಗೆ ನನ್ನ ಕಂಡ್ರೆ ಯಾಕೆ ಹೆದರಿಕೆ?”

ಮೇಷ್ಟ್ರು ಎದ್ದು ಬೀರುವಿನಿಂದ ಒಂದು ಲಕೋಟೆ ತಂದರು. ನೆಗೆಟಿವ್ ಪಟ್ಟಿಯನ್ನು ಬೆಳಕಿನ ಪೆಟ್ಟಿಗೆಯ ಗಾಜಿನ ಮೇಲೆ ಹಾಸಿ ಗುಂಡಿ ಒತ್ತಿದರು.

“ನೀವೇ ನೋಡಿ. ಮೊದಮೊದಲ ಚಿತ್ರಗಳು ಮಿಲ್ಲಿನ ಒಳಗಿನವು. ಬರೀ ಗೆರೆ, ಚುಕ್ಕೆ ಇಲ್ಲ. ಇಲ್ಲಿಂದ ಮುಂದೆ ಬನ್ನಿ. ಇದು ಪುರಭವನದಲ್ಲಿರೋದು. ಗೆರೆ, ಚುಕ್ಕೆ ಎರಡೂ.”

“ಬಿದ್ದ ಮೇಲೆ ಅವರೇ ತೆಗೆದದ್ದು,” ಎಂದಳು ಲೆನ್ಸಕ್ಕ ಮೆಲ್ಲಗೆ. “ಮಲಗಿದ್ದಲ್ಲಿಂದಲೇ. ಕೈ ಕ್ಯಾಮೆರಾಗೆ ಎಟುಕಿದೆ. ಎತ್ತೋಕೆ ಆಗಿಲ್ಲ, ಅದಕ್ಕೇ ವಾಲಿದೆ.”

“ನಾನೂ ಹಾಗೇ ಅಂದ್ಕೊಂಡೆ. ಜೀವ ಇತ್ತು ಅವನಿಗೆ. ಈಗ ಅದರ ಮುಂದಿನದು ನೋಡಿ.”

ಮುಂದಿನದೇ ಕೊನೆಯದು. ಆಮೇಲೆ ಖಾಲಿ ಫಿಲ್ಮ್.

ಲೆನ್ಸಕ್ಕ ಭೂತಗನ್ನಡಿಯನ್ನು ಅದರ ಮೇಲಿಟ್ಟು ಬಗ್ಗಿದಳು. ನೆಗೆಟಿವಿನಲ್ಲಿ ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿದ್ದರೂ ಅವಳ ಕಣ್ಣಿಗೆ ಅದು ಅಭ್ಯಾಸ. ನೆಲದ ಮೇಲೆ ಮಲಗಿದ ಮನುಷ್ಯ. ಒಂದು ಕಾಲು ತಿರುಚಿಕೊಂಡಿದೆ. ಇಸ್ತ್ರಿ ಮಾಡಿದ ಅಂಗಿ. ತೋಳಿನ ಮಡಿಕೆ ಇನ್ನೂ ನೆಟ್ಟಗಿದೆ. ಕಣ್ಣು ತೆರೆದಿದೆ. ಸತ್ತವರ ಕಣ್ಣನ್ನು ಅವಳು ಬೇಕಾದಷ್ಟು ನೋಡಿದ್ದಳು. ಇದು ಅದಲ್ಲ. ಈ ಕಣ್ಣು ಎದುರಿಗಿದ್ದವರನ್ನು ನೋಡುತ್ತಿತ್ತು.

ಅವನ ಎದೆಯ ಮೇಲೆ ಒಂದು ನೆರಳು ಬಿದ್ದಿತ್ತು. ತಲೆ, ಭುಜ, ಎರಡು ಕಡೆ ಮಡಿಸಿದ ಮೊಣಕೈ.

ಮೌನಿ ಮಲಗಿದ್ದ. ಮೌನಿಯ ಕ್ಯಾಮೆರಾ ಬೇರೊಬ್ಬರ ಕೈಯಲ್ಲಿತ್ತು.

“ಇದರಲ್ಲಿ ಗೆರೆ ಇಲ್ಲ,” ಎಂದರು ಮೇಷ್ಟ್ರು.

“ಬರಲ್ಲ. ಬೆಳಕು ತೆಗೆದವರ ಬೆನ್ನ ಹಿಂದಿತ್ತು.” ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. “ಸೊಂಟದ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ ನೋಡಿ ತೆಗೆದಿದಾರೆ. ಕ್ಯಾಮೆರಾದ ನೆತ್ತಿಯ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತೆ. ಹೊಸಬರಾದ್ರೆ ಚೌಕಟ್ಟು ಓಲಾಡಿಬಿಡುತ್ತೆ. ಇದು ನೂಲು ಹಿಡಿದ ಹಾಗಿದೆ. ಫೋಕಸ್ ಸರಿಯಾಗಿ ಕಣ್ಣಿನ ಮೇಲಿದೆ.”

“ಪಳಗಿದ ಕೈ.”

“ಹೌದು.”

“ಇಂಥ ಕ್ಯಾಮೆರಾಗೆ ಪಳಗಿದ ಕೈ ಈ ಊರಲ್ಲಿ ಮೂರೇ. ಒಂದು ನನ್ನದು. ಒಂದು ಅವನದು.” ಮೇಷ್ಟ್ರು ಅವಳನ್ನೇ ನೋಡಿದರು. “ಇನ್ನೊಂದು ನಿಮ್ಮದು.”

ಲೆನ್ಸಕ್ಕ ತಲೆಯೆತ್ತಿದಳು.

“ನಾನು ಅವರ ಮುಖವನ್ನೇ ನೋಡಿದವಳಲ್ಲ. ಈಗಲೇ, ಈ ಗಾಜಿನ ಮೇಲೇ ಮೊದಲು ನೋಡ್ತಿರೋದು.”

“ಹಾಗಾದ್ರೆ ಅವನನ್ನ ಮಿಲ್ಲಿಗೆ ಕರೆದವರು ಯಾರು?”

“ಅಂದ್ರೆ?”

“ಅವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿದ್ದ. ಅವನಾಗೇ ಮಾಡೋನಲ್ಲ, ನನಗೇ ಅಚ್ಚರಿ. ಮೊಬೈಲಿಗೆ ಒಂದು ಮೆಸೇಜ್ ಬಂದಿದೆ ಅಂತ ಓದಿ ಹೇಳಿದ. ಅಷ್ಟು ಖುಷಿಯಾಗಿ ಅವನು ಮಾತಾಡಿದ್ದು ನಾನು ಕೇಳೇ ಇಲ್ಲ.” ಮೇಷ್ಟ್ರು ಕಣ್ಣು ಮುಚ್ಚಿ ನೆನಪಿನಿಂದ ಹೇಳಿದರು. “‘ನಿಮ್ಮ ಚಿತ್ರಗಳ ಮೇಲಂಚಿನ ಬಿಳಿ ಗೆರೆಯನ್ನ ಬಹಳ ದಿನದಿಂದ ಗಮನಿಸ್ತಾ ಇದೀನಿ. ಅದು ಸೋರಿಕೆ ಅಲ್ಲ, ಒಳಗಿನ ಹೊಳಪು. ಮಿಲ್ಲಿನ ಗಾಜಿನ ಸೂರಿನ ಕೆಳಗೆ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ. ಕ್ಯಾಮೆರಾ ತಗೊಂಡು ಬನ್ನಿ, ನಾನಿರ್ತೀನಿ.’ ಕೆಳಗೆ ಹೆಸರು, ಲೆನ್ಸಕ್ಕ.”

ಬೆಳಕಿನ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

“‘ಯಾರೋ ಒಬ್ರು ನನ್ನ ಚಿತ್ರಗಳನ್ನ ಇಷ್ಟು ದಿನದಿಂದ ನೋಡ್ತಾ ಇದ್ರಂತೆ ಕಣೋ’ ಅಂದ. ಯಾವ ಅಂಗಿ ಹಾಕ್ಕೊಳ್ಳಲಿ ಅಂತ ಬೇರೆ ಕೇಳಿದ, ಮದುವೆ ಹೆಣ್ಣು ನೋಡೋಕೆ ಹೊರಟ ಹಾಗೆ. ನಾನು ನಗಾಡಿದೆ.”

ಲೆನ್ಸಕ್ಕನ ಕಣ್ಣು ಮತ್ತೆ ಆ ತೋಳಿನ ಮಡಿಕೆಯ ಮೇಲೆ ಹೋಯಿತು. ವರ್ಷಗಟ್ಟಲೆ ಅವಳ ಹೆಸರಿನಲ್ಲಿ ಯಾರೂ ಯಾರನ್ನೂ ಕರೆದಿರಲಿಲ್ಲ. ಕರೆದಾಗ ಒಬ್ಬ ಮನುಷ್ಯ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಟು ಬಂದಿದ್ದ. ನಾಲ್ಕು ಬೀದಿ ಆಚೆ ಅವನ ಸ್ಟುಡಿಯೋ. ಅದರ ಕಿಟಕಿಯ ಮುಂದೆ ಅವಳು ದಿನಾ ಹಾದುಹೋಗುತ್ತಿದ್ದಳು. ಆ ಗೆರೆಯನ್ನು ಅವಳೇ ಮೊದಲು ನೋಡಬಹುದಿತ್ತು. ಆ ಮೆಸೇಜನ್ನು ಅವಳೇ ಕಳಿಸಬಹುದಿತ್ತು.

“ಆ ಮೊಬೈಲ್ ಎಲ್ಲಿದೆ?”

“ಅವನ ಜೇಬಿನಲ್ಲೇ ಇತ್ತು. ಗಾಜು ಒಡೆದಿತ್ತು. ಪೊಲೀಸ್ರು ಕ್ಯಾಮೆರಾ ಜೊತೆ ತಂಗಿಗೆ ಕೊಟ್ಟಿರಬೇಕು.”

ತಂಗಿ ಕ್ಯಾಮೆರಾ ತಂದಿದ್ದಳು. ಪ್ರಿಂಟುಗಳನ್ನು ತಂದಿದ್ದಳು. ಮೊಬೈಲಿನ ಮಾತೇ ಎತ್ತಿರಲಿಲ್ಲ.

“ಅವರ ತಂಗಿ ನಿಮಗೆ ಗೊತ್ತಾ?”

“ನೋಡಿಲ್ಲ. ಬೇರೆ ಊರಲ್ಲಿ ಬಟ್ಟೆ ಹೊಲೀತಾಳೆ ಅಂತ ಅಷ್ಟೇ. ಅವಳ ಮಾತು ಬಂದ್ರೆ ಅವನು ಎದ್ದು ಹೋಗ್ತಿದ್ದ. ಯಾಕೆ?”

ಲೆನ್ಸಕ್ಕ ನೆಗೆಟಿವ್ ಪಟ್ಟಿಯನ್ನು ಲಕೋಟೆಗೆ ಸೇರಿಸಿದಳು. “ಇದು ನನ್ನ ಹತ್ರ ಇರಲಿ. ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರ್ ಹತ್ರ ಹೋಗೋಣ. ನೀವೂ ಬರಬೇಕು. ಎಲ್ಲಾ ಹೇಳಬೇಕು, ರೋಲ್ ತೆಗೆದದ್ದೂ.”

“ಬರ್ತೀನಿ,” ಎಂದರು ಮೇಷ್ಟ್ರು. ಬಾಗಿಲವರೆಗೆ ಬಂದವರು ಒಂದು ಕ್ಷಣ ನಿಂತರು. “ಅವನ ಮುಖ ನೋಡಿದ್ರಲ್ಲ. ನಾನು ಎಷ್ಟೋ ಸಲ ನೋಡಿದೀನಿ. ಹೆದರಿಕೆ ಇಲ್ಲ ಅದರಲ್ಲಿ. ತನ್ನವರು ಯಾರೋ ಬಂದ್ರು, ಇನ್ನು ಪರವಾಗಿಲ್ಲ ಅನ್ನೋ ಹಾಗಿದೆ. ಅಪರಿಚಿತರನ್ನ ಯಾರೂ ಹಾಗೆ ನೋಡಲ್ಲ.”

* * *

ಅಂಗಡಿಯ ಬೀದಿಗೆ ಬರುವಷ್ಟರಲ್ಲಿ ಬಿಸಿಲ ಕಾವು ಇಳಿದು ದಾರಿದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಲೆನ್ಸಕ್ಕನ ಕಿಟಕಿಯಲ್ಲೂ ಬೆಳಕಿತ್ತು. ಹೊರಗಿನಿಂದ ತನ್ನ ಕಿಟಕಿಯಲ್ಲಿ ಬೆಳಕು ಕಂಡದ್ದು ಅವಳಿಗೆ ಯಾವ ಕಾಲದ ಮಾತೋ. ಬೇಡವೆಂದರೂ ಎದೆಯಲ್ಲಿ ಏನೋ ಬೆಚ್ಚಗಾಯಿತು. ಆಮೇಲೆ ಚೀಲದಲ್ಲಿದ್ದ ಲಕೋಟೆ ನೆನಪಾಗಿ ಅದೂ ಆರಿಹೋಯಿತು.

ಏನೂ ಗೊತ್ತಾಗಲಿಲ್ಲ ಎನ್ನಬೇಕು. ಮೊಬೈಲ್ ವಿಷಯ ಮಾತಿನ ನಡುವೆ ಸಹಜವಾಗಿ ಕೇಳಬೇಕು. ಬಸ್ಸು ಹತ್ತಿಸಿ ಕಳಿಸಿಬಿಡಬೇಕು. ಕ್ಯಾಮೆರಾ ಒಂದು ತನ್ನ ಬಳಿ ಉಳಿದರೆ ಸಾಕು. ಆ ಗೀರು, ಆ ಚುಕ್ಕೆ ಇದ್ದರೆ ಉಳಿದದ್ದನ್ನು ಯಾವ ಇನ್ಸ್‌ಪೆಕ್ಟರಿಗೂ ತೋರಿಸಿಕೊಡಬಹುದು.

ಬಾಗಿಲು ತಳ್ಳಿದಳು.

ಮೇಜು ಚೊಕ್ಕಟವಾಗಿತ್ತು. ಉರುಳಿದ್ದ ಸ್ಕ್ರೂಗಳೆಲ್ಲ ಗಾತ್ರದ ಪ್ರಕಾರ ಬೇರೆ ಬೇರೆ ಮುಚ್ಚಳಗಳಲ್ಲಿ ಕೂತಿದ್ದವು. ದೀಪದಡಿ ಟೈಲರಮ್ಮ ಕ್ಯಾಮೆರಾವನ್ನು ಒರೆಸುತ್ತಿದ್ದಳು. ಕೋಣೆಯ ತುಂಬ ಬಣ್ಣದ ವಾಸನೆ.

“ಬಂದ್ರಾ ಅಕ್ಕಾ? ಸುಮ್ನೆ ಕೂತು ಬೇಜಾರಾಯ್ತು. ನಿಮಗೆ ಯಾಕೆ ತೊಂದ್ರೆ ಅಂತ ನಾನೇ ಬಳಿದುಬಿಟ್ಟೆ, ನೋಡಿ.”

ಅವಳು ಕ್ಯಾಮೆರಾದ ತೆರೆದ ಬೆನ್ನನ್ನು ದೀಪದ ಕಡೆ ತಿರುಗಿಸಿದಳು.

ಒಳಗೂಡಿನ ನೆಲ ಕಡುಗಪ್ಪು. ಗೀರಿಲ್ಲ. ಚುಕ್ಕೆಯಿಲ್ಲ. ಬೆಳಕು ಅದರೊಳಗೆ ಹೋಗಿ ಅಲ್ಲೇ ಸತ್ತುಹೋಗುತ್ತಿತ್ತು.

ಲೆನ್ಸಕ್ಕ ಬಗ್ಗಿ ನೋಡಿದಳು. ಫಿಲ್ಮ್ ಜಾರುವ ಕಂಬಿಗಳ ಮೇಲೆ ಒಂದು ಹನಿ ಬಣ್ಣ ಬಿದ್ದಿರಲಿಲ್ಲ. ಬಳಿಯುವ ಮೊದಲು ಅವಕ್ಕೆ ಹಾಕಿದ್ದ ಸಣ್ಣ ಅಂಟುಪಟ್ಟಿಗಳು ಮೇಜಿನ ಅಂಚಿನಲ್ಲಿ ಸಾಲಾಗಿ ಅಂಟಿಕೊಂಡಿದ್ದವು. ಲೆನ್ಸನ್ನು ಕಳಚಿ ಬಟ್ಟೆಯಲ್ಲಿ ಸುತ್ತಿಟ್ಟು, ಕನ್ನಡಿಗೆ ಟಿಶ್ಯೂ ಹೊದಿಸಿ, ತೆಳ್ಳಗೆ ಒಂದೇ ದಿಕ್ಕಿನಲ್ಲಿ ಎಳೆದ ಕುಂಚ. ಲೆನ್ಸಕ್ಕನೇ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

“ಯಾರು ಕಲಿಸಿದ್ರು ಇದನ್ನ?” ಲೆನ್ಸಕ್ಕ ಚೀಲವನ್ನು ಎದೆಗೆ ಅವುಚಿಕೊಂಡಳು. ಮಾತು ಮಾತ್ರ ಸಲೀಸಾಗಿ ಬಂತು.

“ಯಾರೂ ಕಲಿಸಲಿಲ್ಲ. ನೋಡಿ ಕಲಿತೆ. ಅಣ್ಣನ ಸ್ಟುಡಿಯೋ ಶುರುವಿನಲ್ಲಿ ನಡೆಸ್ತಿದ್ದೇ ನಾನು.” ಟೈಲರಮ್ಮ ನಕ್ಕಳು. ಬಂದಾಗಿನಿಂದ ಅವಳು ನಕ್ಕದ್ದು ಇದೇ ಮೊದಲು. “ನಾನು ತೆಗೆದದ್ದನ್ನೂ ಜನ ಅವನ ಚಿತ್ರ, ಅವನ ಚಿತ್ರ ಅಂತಿದ್ರು. ಇರಲಿ ಬಿಡಿ. ಈಗ ಹೊಳಪು ಹೋಯ್ತೋ ಇಲ್ವೋ ಪರೀಕ್ಷೆ ಮಾಡಬೇಕಲ್ಲ? ಬಣ್ಣ ಒಣಗಿದೆ. ನಿಮ್ಮ ಡ್ರಾಯರಿನಲ್ಲಿ ಒಂದು ರೋಲ್ ಸಿಕ್ತು.”

ಲೆನ್ಸ್ ಕೂರಿಸಿದಳು. ಹಿಂಬದಿ ಹಾಕಿದಳು. ಚಾವಿ ತಿರುಗಿಸಿ ಫಿಲ್ಮ್ ಮುಂದಕ್ಕೆ ತಂದಳು. ಒಂದು ಸಲವೂ ಕೈ ತಡಕಾಡಲಿಲ್ಲ. ಎದ್ದು, ಮೇಜನ್ನು ಸುತ್ತಿ ಬಂದು, ದೀಪಕ್ಕೆ ಬೆನ್ನು ಮಾಡಿ ನಿಂತಳು. ಬಾಗಿಲು ಈಗ ಅವಳ ಆಚೆಗಿತ್ತು.

ಕ್ಯಾಮೆರಾವನ್ನು ಸೊಂಟದ ಹತ್ತಿರ ಹಿಡಿದು, ಮೊಣಕೈ ಮಡಿಸಿ, ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದಳು. ಅವಳ ನೆರಳು ನೆಲ ದಾಟಿ, ಲೆನ್ಸಕ್ಕ ತಬ್ಬಿ ಹಿಡಿದಿದ್ದ ಚೀಲ ದಾಟಿ, ಎದೆಯ ಮೇಲೆ ಬಂದು ನಿಂತಿತು.

“ಪುರಭವನದ ಚಿತ್ರ ನಾನೂ ನೋಡಿದ್ದೆ. ಮೇಷ್ಟ್ರು ನೆಗೆಟಿವ್ ಕೊಟ್ರಾ ಅಕ್ಕಾ?” ಎಂದಳು ಟೈಲರಮ್ಮ, ತಲೆಯೆತ್ತದೆ. “ಅಲ್ಲಾಡಬೇಡಿ.”